ನಕ್ಷತ್ರ ನುಂಗಿದ ಸಾಲುಗಳು

ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ. ನಕ್ಷತ್ರ ಎಂದರೆ ಅದರ ಹಿಂದೆ ಬರೆದದ್ದು ಎಷ್ಟು ಸಲ ಬೇಕಾದರೂ ಬರಬಹುದು, ಬಾರದೆಯೂ ಇರಬಹುದು. ಡಾಲರ್ ಗುರುತು ಇಟ್ಟರೆ ಸಾಲಿನ ಕೊನೆ. ಚೌಕ ಬ್ರಾಕೆಟ್ಟಿನೊಳಗೆ ನಾಲ್ಕು ಅಕ್ಷರ ಬರೆದರೆ ಆ ನಾಲ್ಕರಲ್ಲಿ ಯಾವುದಾದರೂ ಒಂದು. ಅದೇ ಬ್ರಾಕೆಟ್ಟಿನ ತಲೆಗೆ ಟೋಪಿಯಂಥ ಗುರುತು ಹಾಕಿದರೆ ಆ ನಾಲ್ಕನ್ನು ಬಿಟ್ಟು ಬೇರೆ ಯಾವುದಾದರೂ. ಇಷ್ಟನ್ನು ನಾನು ಎಪ್ಪತ್ತರ ದಶಕದ ಕೊನೆಯಲ್ಲಿ, ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ, ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಕಲಿತು ಎರಡು ವಾರ ಆಗಿರಲಿಲ್ಲ, ಐನೂರಕ್ಕೂ ಹೆಚ್ಚು ಪುಸ್ತಕಗಳ ಗುರುತನ್ನು ಒಂದೇ ಏಟಿಗೆ ಅಳಿಸಿಹಾಕಿದೆ. ಅವು ಮರಳಿ ಬಂದದ್ದು ನನ್ನ ಜಾಣತನದಿಂದಲ್ಲ. ಯಾರಿಂದ ಎಂದು ಹೇಳಬೇಕೆಂದೇ ಕೂತಿದ್ದೇನೆ.

ನಾನು ಹುಟ್ಟಿದ್ದು ಮುಂಬಯಿಯ ವಡಾಲದಲ್ಲಿ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಲೋಕಲ್ ರೈಲು ಹಿಡಿದರೆ ದೀಪ ಹಚ್ಚುವ ಹೊತ್ತಿಗೇ ಮನೆ. ಹಾಗಾಗಿ ನನಗೆ ಕನ್ನಡ ಬಂದದ್ದು ಮೈಸೂರು ಸೀಮೆಯ ಅಜ್ಜಿಯ ಬಾಯಿಂದ. ಕೆಳಗೆ ಆಡಲು ಹೋದರೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. “ಹೊಸಿಲಿಂದ ಆಚೆ ಏನಾದ್ರೂ ಮಾತಾಡ್ಕೋ. ಒಳಗೆ ಬರೋವಾಗ ಚಪ್ಪಲಿ ಜೊತೆ ಅಲ್ಲೇ ಬಿಟ್ಟು ಬಾ” ಎನ್ನುತ್ತಿದ್ದಳು ಅಜ್ಜಿ. ಮಾತು ಅಜ್ಜಿಯದು. ಅಕ್ಷರ ಕಲಿಸಿದವರು ಮಾತ್ರ ಮಾಸ್ತರರು.

ಮಾಸ್ತರರು ಧಾರವಾಡದ ಕಡೆಯವರು. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿದ್ದ ಒಂದು ಹಳೆ ಬಿಲ್ಡಿಂಗಿನ ನೆಲಮಹಡಿಯಲ್ಲಿ, ಒಂದೇ ಕೋಣೆಯ ಕನ್ನಡ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದರು. ವಿಜಾಪುರ, ರಾಯಚೂರು, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿ ಪೇಪರು ಓದಲು, ಊರಿಗೆ ಕಾಗದ ಬರೆಸಲು ಬರುತ್ತಿದ್ದರು. ಆ ಕೋಣೆಗೆ ಚಂದಾ ಇರಲಿಲ್ಲ. ಅದರ ಬದಲಿಗೆ ಒಂದು ಪದ್ಧತಿ ಇತ್ತು: ಊರಿಗೆ ಹೋದವರು ಬರುವಾಗ ಒಂದು ಪುಸ್ತಕ ತರಬೇಕು. ಹೊಸದೇ ಆಗಬೇಕೆಂದಿಲ್ಲ. ಪಂಚಾಂಗವೂ ನಡೆಯುತ್ತದೆ, ಬಯಲಾಟದ ಪುಸ್ತಕವೂ ನಡೆಯುತ್ತದೆ, ಯಾರದೋ ಮಗ ಓದಿ ಬಿಟ್ಟ ಪಠ್ಯಪುಸ್ತಕವೂ ನಡೆಯುತ್ತದೆ. ಜೋಳದ ರೊಟ್ಟಿಯ ಗಂಟಿನೊಳಗೆ ಬಂದು, ಶೇಂಗಾ ಚಟ್ನಿಯ ಎಣ್ಣೆ ಕುಡಿದ ಪುಸ್ತಕಗಳನ್ನು ನಾನೇ ಬಿಸಿಲಿಗೆ ಒಣಗಹಾಕಿದ್ದೇನೆ. ತಂದವರ ಹೆಸರು, ಊರಿನ ಹೆಸರು ಎರಡನ್ನೂ ಮಾಸ್ತರರು ಬರೆದಿಡುತ್ತಿದ್ದರು. “ಕೊಟ್ಟವರ ಹೆಸರಿಲ್ಲದ ಪುಸ್ತಕ ಕದ್ದ ಪುಸ್ತಕ ಇದ್ದಂಗ, ತಂಗಿ” ಎನ್ನುತ್ತಿದ್ದರು.

ಹೀಗೆ ಇಪ್ಪತ್ತು ವರ್ಷದಲ್ಲಿ ಎರಡು ಸಾವಿರಕ್ಕೂ ಮೇಲೆ ಪುಸ್ತಕ ಕೂಡಿದ್ದವು. ಅಷ್ಟರಲ್ಲಿ ಬಿಲ್ಡಿಂಗನ್ನು ಕೆಡವುತ್ತಾರೆ, ಕೋಣೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಕಳಿಸಿದರು. ಮಾಸ್ತರರು ಬೇಸಿಗೆಯಿಡೀ ಜಾಗ ಹುಡುಕಿದರು. ಕೊನೆಗೆ ಮುಲುಂಡಿನ ಒಂದು ಕಾಲೇಜಿನ ಕಮಿಟಿ, ತಮ್ಮಲ್ಲಿ ಖಾಲಿ ಬಿದ್ದ ಒಂದು ಕೋಣೆ ಮತ್ತು ಕಪಾಟುಗಳನ್ನು ಕೊಡಬಹುದು ಎಂದಿತು. ಆದರೆ ಒಂದು ಕರಾರು. ಪುಸ್ತಕಗಳ ಪೂರ್ತಿ ಪಟ್ಟಿ ಅಚ್ಚಾಗಿ ಬರಬೇಕು. ಕಮಿಟಿ ಪಟ್ಟಿಯಲ್ಲಿ ಬೆರಳಿಟ್ಟ ಪುಸ್ತಕವನ್ನು ಅಲ್ಲೇ ತೆಗೆದು ತೋರಿಸಬೇಕು. ಕಮಿಟಿ ಕೂಡುವ ಶನಿವಾರದ ತನಕ ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ಕಟ್ಟಿ ಕಾಲೇಜಿನ ಸೈಕಲ್ ಶೆಡ್ಡಿನಲ್ಲಿ ಇಡಬಹುದು. ಕಮಿಟಿ ಒಲ್ಲೆ ಎಂದರೆ ಅದೇ ಸಂಜೆ ಶೆಡ್ಡು ಖಾಲಿ ಮಾಡಬೇಕು. ಖಾಲಿ ಮಾಡಿ ಎಲ್ಲಿಗೆ ಒಯ್ಯುವುದು ಎಂದು ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮುಂಬಯಿಯಲ್ಲಿ ದಿಕ್ಕಿಲ್ಲದ ಪುಸ್ತಕಕ್ಕೆ ಒಂದೇ ದಾರಿ, ರದ್ದಿಯವನ ತಕ್ಕಡಿ.

ಪಟ್ಟಿ ಮಾಡುವ ಕೆಲಸ ನಾನು ಹೊತ್ತುಕೊಂಡೆ. ಆಗ ನಮ್ಮ ವಿಭಾಗದಲ್ಲಿ ಬಳಸಿ ಬಿಟ್ಟ ತೂತುಕಾರ್ಡುಗಳು ರಾಶಿ ರಾಶಿ ಬೀಳುತ್ತಿದ್ದವು. ಕಂಪ್ಯೂಟರಿಗೆ ಲೆಕ್ಕ ಉಣಿಸಲು ಚೌಕ ಚೌಕ ತೂತು ಕೊರೆದ, ಅಂಗೈಗಿಂತ ಉದ್ದದ ಗಟ್ಟಿ ಕಾಗದ ಅದು. ಒಂದು ಮಗ್ಗುಲು ಪೂರ್ತಿ ಖಾಲಿ. ಒಳ್ಳೆಯ ಕಾಗದ ಕಣ್ಣಿಗೆ ಕಾಣದ ಕಾಲ. ಸಂಸ್ಥೆಯ ಒಬ್ಬೊಬ್ಬರ ಮನೆಯಲ್ಲೂ ಅವು ಇರುತ್ತಿದ್ದವು. ಒಂದು ಕಟ್ಟು ಮಾಸ್ತರರಿಗೆ ಒಯ್ದುಕೊಟ್ಟೆ. ಅವರು ಒಂದೊಂದು ಪುಸ್ತಕ ಚೀಲಕ್ಕೆ ಹಾಕುವಾಗಲೂ ಒಂದೊಂದು ಕಾರ್ಡು ಬರೆದರು. ಮೊದಲು ಪುಸ್ತಕ, ಬರೆದವರು. ಆಮೇಲೆ ಬ್ರಾಕೆಟ್ಟಿನಲ್ಲಿ ಕೊಟ್ಟವರ ಹೆಸರು, ಊರು. ಆಮೇಲೆ ಚೀಲದ ನಂಬರು. ಪುಸ್ತಕಕ್ಕೆ ಊನವೇನಾದರೂ ಇದ್ದರೆ ಕೊನೆಯಲ್ಲಿ ಇನ್ನೊಂದು ಬ್ರಾಕೆಟ್ಟು: “ಹರಿದೈತಿ”, “ಗೆದ್ದಲ ತಿಂದೈತಿ, ಆದರ ಓದಬಹುದು”, “ಕಡೇ ಪುಟ ಇಲ್ಲ”.

ನಾನು ದಿನಾ ಊಟದ ಬಿಡುವಿನಲ್ಲಿ ಆ ಕಾರ್ಡುಗಳನ್ನು ನೋಡಿಕೊಂಡು, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಯಂತ್ರಕ್ಕೆ ಟೈಪು ಮಾಡಿದೆ. ನಮ್ಮ ಮುಖ್ಯಸ್ಥರು ಬೈಯಲಿಲ್ಲ. ಪರದೇಶದಿಂದ ಯಾರೋ ಟೇಪಿನಲ್ಲಿ ತಂದಿದ್ದ, ಬರಹವನ್ನು ತಿದ್ದುವ ಹೊಸ ಪ್ರೋಗ್ರಾಮೊಂದು ಬಂದಿತ್ತು. ಅದನ್ನು ಪರೀಕ್ಷಿಸಲು ದೊಡ್ಡದೊಂದು ಬರಹ ಬೇಕಾಗಿತ್ತು. “ನಿನ್ನ ಪುಸ್ತಕಗಳ ಮೇಲೇ ಪ್ರಯೋಗ ಆಗಲಿ” ಎಂದರು. ಎರಡು ತಿಂಗಳಲ್ಲಿ ಟೈಪಿಂಗ್ ಮುಗಿಯಿತು. ಯಂತ್ರವೇ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿಕೊಟ್ಟಿತು. ಕಾರ್ಡಿನ ಕಟ್ಟುಗಳನ್ನು ಮನೆಗೆ ತಂದು ಅಜ್ಜಿಯ ಮುಂದಿಟ್ಟೆ.

“ಇವನ್ನೇನು ಮಾಡೋದೇ?”

“ಎಲ್ಲಾ ಯಂತ್ರದೊಳಗೆ ಹೋಗಿದೆ ಅಜ್ಜಿ. ಏನಾದ್ರೂ ಮಾಡ್ಕೋ.”

ಇದು ನನ್ನ ಮೊದಲನೆಯ ತಪ್ಪು.

ಎರಡನೆಯದು ಕಮಿಟಿ ಕೂಡುವ ವಾರದ ಸೋಮವಾರ ನಡೆಯಿತು. ಅಚ್ಚಿಗೆ ಕಳಿಸುವ ಮೊದಲು ಪಟ್ಟಿಯ ಮೇಲೆ ಕಣ್ಣಾಡಿಸುತ್ತ ಕೂತಿದ್ದೆ. “ಹರಿದೈತಿ, ಹರಿದೈತಿ, ಗೆದ್ದಲ ತಿಂದೈತಿ.” ನನಗೆ ನಾಚಿಕೆಯಾಯಿತು. ಇಷ್ಟು ಹರಿದದ್ದನ್ನು ಯಾರು ಮನೆಗೆ ಸೇರಿಸುತ್ತಾರೆ? ಹೆಣ್ಣು ನೋಡಲು ಬರುತ್ತಾರೆಂದರೆ ಗೋಡೆಯ ಬಿರುಕಿಗೆ ಕ್ಯಾಲೆಂಡರ್ ತೂಗುಹಾಕುವ ಜನ ನಾವು. ನನ್ನನ್ನು ನೋಡಲು ಬಂದಾಗಲೂ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಜಾಗ ಬದಲಾಯಿಸಿತ್ತು. ಅದೇ ಬುದ್ಧಿ ಕೆಲಸ ಮಾಡಿತು. ಕೊನೆಯ ಬ್ರಾಕೆಟ್ಟುಗಳನ್ನು ತೆಗೆದುಬಿಡೋಣ ಎಂದುಕೊಂಡೆ. ಒಂದೊಂದೇ ಸಾಲಿಗೆ ಹೋಗಿ ಅಳಿಸುವ ಪೀಡೆಯೂ ಇಲ್ಲ, ಹೊಸ ವಿದ್ಯೆ ಕೈಯಲ್ಲೇ ಇತ್ತಲ್ಲ. ತೆರೆಯುವ ಬ್ರಾಕೆಟ್ಟು, ಆಮೇಲೆ ಯಾವ ಅಕ್ಷರವಾದರೂ ಎಷ್ಟಾದರೂ, ಆಮೇಲೆ ಮುಚ್ಚುವ ಬ್ರಾಕೆಟ್ಟು, ಅಲ್ಲಿಗೆ ಸಾಲಿನ ಕೊನೆ. ಹೀಗೆ ಬರೆದೆ:

(.*)$

ಇಂಥದ್ದು ಕಂಡಲ್ಲೆಲ್ಲ ಅಳಿಸು ಎಂದೆ. ಮೊದಲ ಹತ್ತು ಸಾಲು ನೋಡಿದೆ, ಚೊಕ್ಕಟವಾಗಿದ್ದವು. ಆ ಹತ್ತು, ವಾಚನಾಲಯವೇ ಕೊಂಡು ತಂದ ಒಂದೇ ಪುಸ್ತಕದ ಸಂಪುಟಗಳು. ಅವಕ್ಕೆ ಕೊಟ್ಟವರ ಬ್ರಾಕೆಟ್ಟೇ ಇರಲಿಲ್ಲ. ಅದು ನನ್ನ ಗಮನಕ್ಕೆ ಬರಲಿಲ್ಲ. ಹಳೆಯ ಪಟ್ಟಿಯ ಮೇಲೆಯೇ ಹೊಸದನ್ನು ಬರೆದಿಟ್ಟು ಡಬ್ಬಿ ತೊಳೆಯಲು ಎದ್ದೆ.

ತಿರುಗಿ ಬಂದು ಮುಂದಿನ ಸಾಲುಗಳನ್ನು ನೋಡಿದೆ. ಪುಸ್ತಕದ ಹೆಸರಿದೆ, ಬರೆದವರ ಹೆಸರಿದೆ, ಅಲ್ಲಿಗೆ ಸಾಲು ಮುಗಿದಿದೆ. ಕೊಟ್ಟವರಿಲ್ಲ. ಚೀಲದ ನಂಬರಿಲ್ಲ. ಗಟ್ಟಿ ಪುಸ್ತಕಗಳ ಸಾಲುಗಳಿಗೆ ಏನೂ ಆಗಿರಲಿಲ್ಲ. ಹರಿದ ಪುಸ್ತಕಗಳ ಸಾಲುಗಳೇ ಹರಿದು ಹೋಗಿದ್ದವು.

ಯಂತ್ರದ ಕೋಣೆಯ ಆಪರೇಟರ್ ಉಡುಪಿಯ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು, ಬೊರಿವಲಿಯಿಂದ ಬರುತ್ತಿದ್ದವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಚುಕ್ಕಿ, ನಕ್ಷತ್ರ ಕಲಿಸಿದವರೂ ಅವರೇ. ಓಡಿದೆ.

“ಎಂಥ ಆಯ್ತು ಮಾರಾಯ್ತಿ, ಮುಖ ಹೀಗೆ ಮಾಡಿಕೊಂಡಿದ್ದಿ?”

ತೋರಿಸಿದೆ. ಅವರು ನನ್ನ ಐದು ಗುರುತುಗಳನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

“ಸಾಲಿನ ಕೊನೆ ಅಂತ ಡಾಲರ್ ಹಾಕಿದ್ದೇನಲ್ಲ ಅಣ್ಣಾ! ಕೊನೆಯ ಬ್ರಾಕೆಟ್ ತಾನೇ ತೆಗೀಬೇಕು?”

“ಅದು ಕೊನೆಯಿಂದ ಹುಡುಕುವುದಿಲ್ಲ ಮಾರಾಯ್ತಿ, ಎಡದಿಂದ ಹುಡುಕುವುದು. ಈ ನಕ್ಷತ್ರ ಉಂಟಲ್ಲ, ಅದು ನಮ್ಮ ಬೊರಿವಲಿ ಫಾಸ್ಟ್ ಲೋಕಲಿನ ಪ್ಯಾಸೆಂಜರ್ ಇದ್ದ ಹಾಗೆ. ತೆರೆದ ಬಾಗಿಲು ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿ ಹತ್ತಿತು. ಹತ್ತಿದ ಮೇಲೆ ನಡುವಿನ ಸ್ಟೇಷನ್ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಕೊಟ್ಟವರ ಹೆಸರಿನ ಬ್ರಾಕೆಟ್ ಮುಚ್ಚಿತಾ? ಮುಚ್ಚಲಿ. ಚೀಲದ ನಂಬರ್ ಬಂತಾ? ಬರಲಿ. ಕೊನೇ ಸ್ಟೇಷನ್ನಿನಲ್ಲೇ ಇಳಿಯುವುದು. ಯಾವ ಅಕ್ಷರ ಆದರೂ ನಡೀತದೆ ಅಂತ ನೀನೇ ಪಾಸ್ ಕೊಟ್ಟಿದ್ದಿ, ಅದು ಯಾಕೆ ಇಳಿಯಬೇಕು?”

“ಹಾಗಿದ್ರೆ ಹೇಗೆ ಬರೀಬೇಕಿತ್ತು?”

ಅವರು ಪೆನ್ಸಿಲ್ ತೆಗೆದು ಒಂದು ಕಾರ್ಡಿನ ಮೂಲೆಯಲ್ಲಿ ಬರೆದರು:

([^)]*)$

“ಚುಕ್ಕಿ ತೆಗೆದುಹಾಕು. ಮುಚ್ಚುವ ಬ್ರಾಕೆಟ್ ಒಂದನ್ನು ಬಿಟ್ಟು ಬೇರೆ ಯಾವುದಾದರೂ ಅಂತ ಹೇಳು. ಆಗ ಮೊದಲನೇ ಮುಚ್ಚುವ ಬ್ರಾಕೆಟ್ ಬಂದ ಕೂಡಲೇ ಇಳಿಯಲೇಬೇಕು. ಇಳಿದು ನೋಡುತ್ತದೆ, ಅಲ್ಲಿ ಲೈನು ಮುಗಿಯಲಿಲ್ಲ. ಹಾಗಾದರೆ ಆ ಪ್ರಯಾಣವೇ ಲೆಕ್ಕಕ್ಕಿಲ್ಲ, ಮುಂದಿನ ಬಾಗಿಲಿಂದ ಪುನಃ ಹತ್ತು. ಆಗ ಕೊನೆಯದು ಮಾತ್ರ ಸಿಗ್ತದೆ.”

ತಿಳಿಯಿತು. ತಿಳಿದು ಏನು ಬಂತು? ಕಚೇರಿಯ ಫೈಲುಗಳನ್ನೆಲ್ಲ ವಾರಕ್ಕೊಮ್ಮೆ ಟೇಪಿಗೆ ಇಳಿಸಿಡುತ್ತಿದ್ದರು. ನಮ್ಮದು ಕಚೇರಿಯದಲ್ಲ, ಅದರಲ್ಲಿ ಸೇರಿರಲಿಲ್ಲ. ಕಾಗದ ಉಳಿಸಬೇಕೆಂದು ಪೂರ್ತಿ ಪಟ್ಟಿಯನ್ನು ಒಮ್ಮೆಯೂ ಅಚ್ಚು ಹಾಕಿರಲಿಲ್ಲ. ಅಣ್ಣ ಕುರ್ಚಿ ಎಳೆದುಕೊಂಡು, “ಎಷ್ಟು ಹೋಯ್ತು ಅಂತ ಮೊದಲು ನೋಡುವ” ಎಂದರು. ಸರಿಯಾಗಿರುವ ಸಾಲು ಚೀಲದ ನಂಬರಿನಿಂದ ಮುಗಿಯಬೇಕು. ಹಾಗಾದರೆ ಕೊನೆಯ ಅಕ್ಷರ ಅಂಕಿಯಲ್ಲದ ಸಾಲುಗಳನ್ನು ತೋರಿಸು ಎಂದು ಯಂತ್ರವನ್ನು ಕೇಳಿದರು:

[^0-9]$

ಯಂತ್ರದ ಉತ್ತರವನ್ನು ಕಾಗದದ ಮೇಲೆ ಮೂಡಿಸುವ ಟೆಲಿಟೈಪು ಕಟಕಟ ಎನ್ನುತ್ತ ಹೊಡೆಯತೊಡಗಿತು. ನಿಲ್ಲುವುದೇ ಇಲ್ಲವೇನೋ ಅನ್ನಿಸಿತು. ನಿಂತಾಗ ಐನೂರ ನಲವತ್ತು ಸಾಲು. ಕೆಡಿಸಿದ ವಿದ್ಯೆಯೇ ಕೆಟ್ಟದ್ದನ್ನು ಎತ್ತಿ ತೋರಿಸಿತ್ತು.

“ಆ ಕಾರ್ಡುಗಳು ಉಂಟಲ್ಲ?” ಎಂದರು ಅಣ್ಣ.

“ಮನೇಲಿವೆ” ಎಂದೆ. ಹಾಗೆಂದೇ ನಂಬಿದ್ದೆ.

ಆ ಸಂಜೆ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಕಾರ್ಡು ಎಲ್ಲಿ ಎಂದು ಕೇಳಿದೆ. ಅಜ್ಜಿ ಅಡುಗೆಮನೆಯಲ್ಲಿ ರವೆ ಜರಡಿ ಹಿಡಿಯುತ್ತಿದ್ದಳು.

“ಕೊಟ್ಟೆನಲ್ಲೇ. ಏನಾದ್ರೂ ಮಾಡ್ಕೋ ಅಂದೆಯಲ್ಲ. ಒಳ್ಳೇ ಗಟ್ಟಿ ಕಾಗದ, ಎದುರುಮನೆ ಮರಾಠಿ ಕಾಕು ಕೇಳಿದ್ರು, ಮೇಲಿನ ಗುಜರಾತಿ ಅಮ್ಮ ಕೇಳಿದ್ರು. ಒಂದೊಂದು ಕಟ್ಟು ಕೊಟ್ಟೆ. ಮಿಕ್ಕಿದ್ದು ಮಂಚದ ಕೆಳಗಿದೆ. ಯಾಕೇ? ಯಾಕೆ ಅಳ್ತೀಯಾ?”

ಅಲ್ಲೇ ಕುಕ್ಕರಿಸಿ ಎಲ್ಲ ಹೇಳಿದೆ, ಚುಕ್ಕಿ, ನಕ್ಷತ್ರ, ಬೊರಿವಲಿ ಫಾಸ್ಟು, ಎಲ್ಲ. ಅಕ್ಷರ ಬಾರದ ಅಜ್ಜಿ ಜರಡಿಯನ್ನು ಕೈಯಲ್ಲೇ ಹಿಡಿದು ಕೇಳಿದಳು.

“ಅಲ್ಲ ಕಣೇ, ಏನು ಬಿದ್ದು ಹೋಗಬೇಕು ಅಂತ ಮಾತ್ರ ನೋಡಿದೆಯಾ? ಏನು ಉಳೀಬೇಕು ಅಂತ ನೋಡ್ಲಿಲ್ವಾ? ಜರಡಿ ಹಿಡಿಯೋಳು ಕಣ್ಣು ಜರಡಿ ಮೇಲಿಟ್ಟಿರ್ತಾಳೆ, ಕೆಳಗಿನ ಮೊರದ ಮೇಲಲ್ಲ.”

ಆಮೇಲೆ ಎಷ್ಟೋ ಜನರಿಗೆ ನಾನು ಈ ವಿದ್ಯೆ ಕಲಿಸಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಸಾಧ್ಯವಾಗಿಲ್ಲ.

ಅಜ್ಜಿ ಜರಡಿ ಇಟ್ಟು, ಸೆರಗು ಸಿಕ್ಕಿಸಿಕೊಂಡು, ನನಗಿಂತ ಮುಂದೆ ಹೊರಟಳು. ಎದುರುಮನೆಯ ಕಾಕು ಕಾರ್ಡುಗಳನ್ನು ಕತ್ತರಿಸದೆ ಹಾಗೆಯೇ ಮಸಾಲೆ ಡಬ್ಬಿಗಳಿಗೆ ಅಂಟಿಸಿ ಒಂದೊಂದರ ಮೇಲೂ ಹೆಸರು ಬರೆದಿದ್ದರು. “ಅಗ ಬಾಯಿ, ಧನೇ-ಜಿರ್ಯಾಚಾ ಡಬಾ ಪಣ ಪಾಹಿಜೆ ಕಾ ತುಲಾ?” ಕೊತ್ತಂಬರಿ, ಜೀರಿಗೆಯ ಡಬ್ಬಿಯೂ ಬೇಕೇನೇ ನಿನಗೆ ಎಂದು ನಗುತ್ತಲೇ, ಹದಿನೆಂಟು ಡಬ್ಬಿಗಳನ್ನು ತಾವೇ ಬಿಸಿನೀರಿನಲ್ಲಿ ಅದ್ದಿ ಒಂದೊಂದೇ ಬಿಡಿಸಿಕೊಟ್ಟರು. ಮೇಲಿನ ಗುಜರಾತಿ ಅಮ್ಮ ಹಪ್ಪಳಗಳ ನಡುವೆ ಇಟ್ಟಿದ್ದರು. ಅವರು ಕೊಟ್ಟ ಕಾರ್ಡುಗಳು ಇಂಗು, ಮೆಣಸು ವಾಸನೆ ಹೊಡೆಯುತ್ತಿದ್ದವು. ಉಳಿದವರ ಮನೆಗಳಲ್ಲಿ ಗಡಗಡ ಎನ್ನುವ ಕಿಟಕಿಯ ಸಂದಿಯಲ್ಲಿ, ಕುಂಟುವ ಮೇಜಿನ ಕಾಲಿನ ಕೆಳಗೆ, ದೇವರ ಪಟದ ಹಿಂದೆ ಸಿಕ್ಕವು. ಎರಡು ಸಂಜೆಗಳು ನಮ್ಮ ಬಿಲ್ಡಿಂಗಿನಲ್ಲಿ ಬೇರೆ ಮಾತೇ ಇರಲಿಲ್ಲ. ಗುರುತು ಪರಿಚಯ ಇಲ್ಲದವರೂ ಮೆಟ್ಟಿಲಿನಲ್ಲಿ ನಿಲ್ಲಿಸಿ, “ಮಿಲಾ ಕ್ಯಾ?”, ಸಿಕ್ಕಿತೇ ಎಂದು ಕೇಳುತ್ತಿದ್ದರು. ಕನ್ನಡದ ಒಂದು ಅಕ್ಷರವನ್ನೂ ಓದಲಾರದ ಆ ಜನ ಕನ್ನಡದ ಪುಸ್ತಕಗಳಿಗಾಗಿ ತಮ್ಮ ಮೇಜುಗಳನ್ನು ಎತ್ತಿ ಹಿಡಿದರು.

ಇದರ ನಡುವೆ, ಮಂಗಳವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮೊದಲೇ ಮಾಸ್ತರರ ಕೋಣೆಗೆ ಹೋಗಿದ್ದೆ. ಖಾಲಿ ಕಪಾಟುಗಳ ನಡುವೆ ಪೇಪರು ಓದುತ್ತಿದ್ದರು. ಹೇಳುವುದು ಬಹಳ ಕಷ್ಟವಾಯಿತು. ಅವರು ನಡುವೆ ಬಾಯಿ ಹಾಕದೆ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

“ನಂಬರು ಅಳಿಸಿದ್ದು ಇರಲಿ. ಅದು ಕೈತಪ್ಪು. ಹರಿದೈತಿ ಅಂಬೂದನ್ನ ಯಾಕ ಅಳಿಸಾಕ ಹೋದಿ?”

“ಕಮಿಟಿಯವರು ಬೇಡ ಅಂದಾರು ಅಂತ ಹೆದರಿಕೆ ಆಯ್ತು ಮಾಸ್ತರೇ.”

“ಹರಿದದ್ದನ್ನ ಹರಿದಿಲ್ಲ ಅಂತ ಹೇಳಿ ಅವರ ಮನೀಗೆ ಕಳಿಸಿದರ, ನಾಳೆ ಕಪಾಟು ತಗದಾಗ ಏನಂತಾರ? ಕಾಗದ ಬರಸಾಕ ಬಂದ ಮಂದಿಗೆ ನಾ ಏನ ಹೇಳ್ತಿದ್ದೆ? ಊರಾಗ ಆರಾಮ ಇಲ್ಲದಿದ್ದರ ಆರಾಮ ಇದ್ದೀವಿ ಅಂತ ಬರಿಬ್ಯಾಡ್ರಿ ಅಂತಿದ್ದೆ.” ಮತ್ತೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಹೋಗಲಿ ಬಿಡು ತಂಗಿ. ಎಲ್ಲಾ ಇದ್ದಂಗ ಮತ್ತ ಬರಿ. ನಾ ಏನ ಮಾಡಬೇಕು ಹೇಳು.”

ಬುಧವಾರದ ಸಂಜೆ ಅವರು ನಮ್ಮ ಮನೆಗೆ ಬಂದು, ಅಣ್ಣ ಕೊಟ್ಟಿದ್ದ ಐನೂರ ನಲವತ್ತು ಸಾಲುಗಳ ಉದ್ದನೆಯ ಕಾಗದವನ್ನು ನೆಲದ ಮೇಲೆ ಹಾಸಿದರು. ಸಾಲಿಗೊಂದು ಕಾರ್ಡು ಹೊಂದಿಸುತ್ತ ಹೋದೆವು. ಅಪ್ಪ, ಅಮ್ಮ, ಕಾಕು ಎಲ್ಲರೂ ಕೂತರು. ಕೊನೆಗೆ ಮೂವತ್ತೇಳು ಸಾಲುಗಳಿಗೆ ಕಾರ್ಡು ಸಿಗಲಿಲ್ಲ. ಆಗ ಅಜ್ಜಿ ಮೆಲ್ಲಗೆ ಹೇಳಿದಳು.

“ಅವು ಸಿಗಲ್ಲ. ಸ್ಟವ್ ಹಚ್ಚೋಕೆ ನಾನೇ ದಿನಾ ನಾಲ್ಕೈದು ತಗೋತಿದ್ದೆ.”

ಮಾಸ್ತರರು ಮುಂದಿದ್ದ ಲೋಟ ಎತ್ತಿಕೊಂಡರು.

“ಹಂಗಾದರ ಪುಸ್ತಕ ಎಲ್ಲೂ ಹೋಗಿಲ್ಲರೀ ಅಮ್ಮಾರ. ಈ ಚಹಾದಾಗ ಅದಾವು. ಕುಡದು ಹೇಳ್ತೀನಿ ತಡೀರಿ.”

ಅಜ್ಜಿ ನಕ್ಕಳು. ಅವರು ಚಹಾ ಕುಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾನು ಪುಸ್ತಕದ ಹೆಸರು ಓದುತ್ತ ಹೋದೆ. ಅವರು ಆ ಕೋಣೆಯೊಳಗೆ ನಡೆದಾಡುತ್ತಿರುವವರಂತೆ ಉತ್ತರ ಕೊಡುತ್ತ ಹೋದರು. “ಅದು ಕಿಡಿಕಿ ಬಾಜೂಕಿನ ಕಪಾಟು, ಕೆಳಗಿಂದು. ಕೊಟ್ಟಾಂವ ಗ್ವಾಡಿ ಕಟ್ಟೂ ಗೌಂಡಿ, ಇಂಡಿ ತಾಲೂಕಿನವ, ಎಡಗಾಲು ಎಳದು ನಡೀತಿದ್ದ. ಹೆಸರು ಬರಕೋ. ಇಪ್ಪತ್ತೆರಡನೇ ಚೀಲ. ಬೆನ್ನು ಕಿತ್ತೈತಿ.” ಹೀಗೆ ಮೂವತ್ತನಾಲ್ಕು. ಮೂರಕ್ಕೆ ಮಾತ್ರ ಚೀಲದ ನಂಬರು ನೆನಪಾಯಿತು, ಕೊಟ್ಟವರ ಹೆಸರು ನೆನಪಾಗಲಿಲ್ಲ. ಬಹಳ ಹೊತ್ತು ತಡಕಾಡಿ, ಕಣ್ಣು ತೆರೆದು ಹೇಳಿದರು: “ಬ್ರಾಕೆಟ್ ಹಾಕು. ಕೊಟ್ಟವರ ಹೆಸರು ಮರತೀವಿ, ಕ್ಷಮಿಸಬೇಕು, ಅಂತ ಬರಿ.” ಹಾಗೆಯೇ ಬರೆದುಕೊಂಡೆ.

ಗುರುವಾರ, ಶುಕ್ರವಾರ ಎರಡು ದಿನವೂ ಮುಖ್ಯಸ್ಥರು ನನಗೆ ಬೇರೆ ಕೆಲಸ ಹೇಳಲಿಲ್ಲ. ನಾನು ಟೈಪು ಮಾಡಿದೆ. ಅಣ್ಣ ಪಕ್ಕದಲ್ಲಿ ಕೂತು ಕಾರ್ಡು ಓದಿದರು. ಇಂಗಿನ ವಾಸನೆಯ ಕಾರ್ಡು ಬಂದಾಗಲೆಲ್ಲ, “ಇದು ಓದಲಿಕ್ಕಾ, ಸಾರಿಗೆ ಹಾಕಲಿಕ್ಕಾ?” ಎನ್ನುತ್ತಿದ್ದರು. ನಾನು ಪ್ರತಿ ಹತ್ತು ಸಾಲಿಗೊಮ್ಮೆ ಬೇರೆ ಹೆಸರಿನಲ್ಲಿ ಒಂದು ಪ್ರತಿ ತೆಗೆದಿಡುತ್ತಿದ್ದೆ. ಆ ಅಭ್ಯಾಸ ಇಂದಿಗೂ ಬಿಟ್ಟಿಲ್ಲ. ಮುಗಿದ ಮೇಲೆ ಕೊನೆಯ ಪರೀಕ್ಷೆ: ಅಂಕಿಯಲ್ಲೂ ಮುಗಿಯದ, ಮುಚ್ಚುವ ಬ್ರಾಕೆಟ್ಟಿನಲ್ಲೂ ಮುಗಿಯದ ಸಾಲು ಒಂದಾದರೂ ಇದೆಯೇ ಎಂದು ಯಂತ್ರವನ್ನು ಕೇಳಿದೆ. ಅದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹೊಡೆದು ಸುಮ್ಮನಾಯಿತು. ಕೇಳಿದ್ದು ಸಿಗದಿದ್ದರೆ ಅದು ಹಾಗೆಯೇ ಮಾಡುವುದು. ಅಷ್ಟು ಚಂದದ ಪ್ರಶ್ನಾರ್ಥಕ ಚಿಹ್ನೆಯನ್ನು ನಾನು ಆಮೇಲೆ ಕಂಡಿಲ್ಲ.

ಶನಿವಾರ ನಾನೂ ಮಾಸ್ತರರೂ ವಡಾಲದಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿ, ಕುರ್ಲಾದಲ್ಲಿ ಬದಲಾಯಿಸಿ ಮುಲುಂಡಿಗೆ ಹೋದೆವು. ಪಟ್ಟಿ ಮಾಸ್ತರರ ತೊಡೆಯ ಮೇಲಿತ್ತು. ದಾರಿಯಲ್ಲಿ ಅವರು ಅದನ್ನು ಬಿಚ್ಚಲಿಲ್ಲ. ಇಳಿಯುವಾಗ, “ಒಲ್ಲೆ ಅಂದರ ಅಳಬ್ಯಾಡ ತಂಗಿ, ಅವರ ಮುಂದ” ಎಂದರು.

ಕಮಿಟಿಯಲ್ಲಿ ಐದು ಜನ. ಅಧ್ಯಕ್ಷರು ವಯಸ್ಸಾದ ಮರಾಠಿ ಹೆಂಗಸು, ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದವರು, ಪ್ರಾಂಶುಪಾಲರಾಗಿದ್ದು ನಿವೃತ್ತರಾದವರು. ಪುಟ ಮಗುಚುತ್ತ ಹೋದರು. ಕನ್ನಡ ಬಾರದಿದ್ದರೂ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ಅವರ ಕಣ್ಣಿಗೆ ಬಿದ್ದೇ ಬಿತ್ತು.

“ಹೇ ಹರಿದೈತಿ ಮ್ಹಣಜೆ ಕಾಯ?” ಈ ಹರಿದೈತಿ ಎಂದರೇನು ಎಂದು ಕೇಳಿದರು.

ಮಾಸ್ತರರು ನೆಟ್ಟಗೆ ಕೂತು, “ಫಾಟಲೇಲಂ ಆಹೆ, ಬಾಯಿ. ಪಣ ವಾಚತಾ ಯೇತಂ” ಎಂದರು. ಹರಿದಿದೆ, ಆದರೆ ಓದಬಹುದು.

ಬಾಯಿಯವರು ಕನ್ನಡಕದ ಮೇಲಿಂದ ಅವರನ್ನು ನೋಡಿದರು. “ಮ್ಹಣಜೆ ಲೋಕಾಂನೀ ವಾಚಲೀ ಆಹೇತ” ಎಂದರು. ಅಂದರೆ ಜನ ಓದಿದ್ದಾರೆ. ತಮ್ಮ ಗ್ರಂಥಾಲಯದಲ್ಲಿ ಒಂದು ಪುಸ್ತಕವೂ ಹರಿಯುವುದಿಲ್ಲ ಎಂದು ಪಕ್ಕದವರಿಗೆ ಚುಚ್ಚಿದರು. ಆಮೇಲೆ ಪಟ್ಟಿಯ ನಡುವೆ ಬೆರಳಿಟ್ಟು, ಇದನ್ನು ತೋರಿಸಿ ಎಂದರು.

ಬಗ್ಗಿ ನೋಡಿದೆ. ಎರಡು ಸಾವಿರ ಸಾಲುಗಳಲ್ಲಿ ಅವರ ಬೆರಳು ಬಿದ್ದದ್ದು ಅಜ್ಜಿ ಸ್ಟವ್ವಿಗೆ ಹಾಕಿದ್ದರ ಮೇಲೆ. ಕೊಟ್ಟವರ ಹೆಸರು ಮರೆತ ಮೂರರಲ್ಲಿ ಒಂದು. ಚೀಲದ ನಂಬರು ಮೂವತ್ತೊಂದು. ಅದೂ ಚಹಾ ಕುಡಿದು ಕಣ್ಣು ಮುಚ್ಚಿ ಹೇಳಿದ್ದು, ಬರಹದ ಆಧಾರವಿಲ್ಲ.

ಎಲ್ಲರೂ ಸೈಕಲ್ ಶೆಡ್ಡಿಗೆ ನಡೆದೆವು. ಮೂವತ್ತೊಂದನೆಯ ಚೀಲ ಗೋಡೆಯ ಬದಿಗಿತ್ತು. ಮಾಸ್ತರರು ಮೊಣಕಾಲೂರಿ ಹಗ್ಗ ಬಿಚ್ಚಿ ಒಂದೊಂದೇ ಪುಸ್ತಕ ತೆಗೆದು ನನ್ನ ಕೈಗೆ ಕೊಡತೊಡಗಿದರು. ಹತ್ತು, ಹದಿನೈದು, ಇಪ್ಪತ್ತು. ನನ್ನ ತೋಳು ತುಂಬಿತು, ಬಾಯಿಯವರೂ ಕೈ ಚಾಚಿ ನಾಲ್ಕು ಹಿಡಿದುಕೊಂಡರು. ಪ್ರತಿ ಪುಸ್ತಕಕ್ಕೂ ಮಾಸ್ತರರು ಇದಲ್ಲ ಎಂಬಂತೆ ತಲೆಯಾಡಿಸುತ್ತಿದ್ದರು. ಕಮಿಟಿಯ ಒಬ್ಬರು ಗಡಿಯಾರ ನೋಡಿದರು. ಚೀಲ ಬಹುತೇಕ ಖಾಲಿಯಾಗಿ ಬಾಯಿ ಮಡಚಿಕೊಂಡಿತು. ಮಾಸ್ತರರು ಭುಜದ ತನಕ ಕೈ ಇಳಿಬಿಟ್ಟು, ಮೂಲೆಯಲ್ಲಿ ತಡಕಿ, ನಿಂತರು.

ತೆಗೆದದ್ದು ರಟ್ಟಿಲ್ಲದ ಒಂದು ತೆಳು ಪುಸ್ತಕ, ಬೆನ್ನಿಗೆ ನೂಲಿನ ಹೊಲಿಗೆ. ಅದರ ಮೊದಲ ಪುಟ ಬಿಡಿಸಿ ಅವರು ಸುಮಾರು ಹೊತ್ತು ನೋಡಿದರು. ಅಲ್ಲಿ ಎಣ್ಣೆಯ ಕಲೆಯ ಪಕ್ಕದಲ್ಲಿ, ಆಗಷ್ಟೇ ಅಕ್ಷರ ಕಲಿತ ದೊಡ್ಡವರ ದಪ್ಪ ಬರಹದಲ್ಲಿ, ಒಂದು ಹೆಸರಿತ್ತು. ಒಂದು ಊರಿನ ಹೆಸರೂ ಇತ್ತು.

ಮಾಸ್ತರರು ಜೇಬಿನಿಂದ ಪೆನ್ಸಿಲ್ ತೆಗೆದು, ಬಾಯಿಯವರ ಕೈಯಲ್ಲಿದ್ದ ಪಟ್ಟಿಯನ್ನು ವಿನಯದಿಂದ ಕೇಳಿ ತೆಗೆದುಕೊಂಡು, ಆ ಸಾಲಿನಲ್ಲಿ ‘ಮರತೀವಿ, ಕ್ಷಮಿಸಬೇಕು’ ಎಂಬುದರ ಮೇಲೆ ಒಂದು ಗೆರೆ ಎಳೆದು, ಬದಿಯಲ್ಲಿ ಆ ಹೆಸರು ಬರೆದರು. ಆಮೇಲೆ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯವರಿಗೆ ಕೊಟ್ಟರು.

“ಐತಿ” ಎಂದರು.

ಆ ಪದಕ್ಕೆ ಅರ್ಥವೇನೆಂದು ಬಾಯಿಯವರು ಕೇಳಲಿಲ್ಲ. ಕಪಾಟಿನ ಬೀಗದ ಕೈ ತರಲು ಜವಾನನನ್ನು ಕಳಿಸಿದರು.